ಅಂಧರ ಕಣ್ಣಿಗೆ ಕಾಯಿದೆಯ ಕಾವಲು

ಚನ್ನಪಟ್ಟಣಕ್ಕೆ ನೆರೆಯಾದ ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಶಿಲಾಶಾಸನವನ್ನು ವಾಚಕರಲ್ಲಿ ಅನೇಕರು ಬಲ್ಲರು. ಮಣಲೇರನೆಂಬ ವೀರನು ಗಂಗರ ಬೂತುಗನಲ್ಲಿ ಬೇರೇನನ್ನೂ ಬೇಡದೆ ಕಾಳಿಯೆಂಬ ಬೇಟೆನಾಯನ್ನು ಬೇಡಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ದತ್ತಿಯನ್ನು ಕೆಡಿಸಿದವರಿಗೆ ಪಾಪವನ್ನೂ ವಿಧಿಸಿದರು. ಸೇವೆ ಸಲ್ಲಿಸಿದ ಮೂಕಪ್ರಾಣಿಗೆ ಸತ್ತ ಮೇಲೂ ಕಟ್ಟಳೆಯ ಕಾವಲಿದ್ದ ನಾಡು ನಮ್ಮದು. ಬದುಕಿರುವ ಸೇವಕನಿಗೆ ಇಂದು ನಾವು ಕೊಟ್ಟಿರುವ ಕಾವಲಾದರೂ ಏನು?

ಅಂಧರನ್ನು ಕೈಹಿಡಿದು ನಡೆಸುವಂತೆ ನಾಯಿಗಳನ್ನು ಪಳಗಿಸುವ ಶಾಲೆಯು ಮೊದಲು 1916ರಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರಿಗಾಗಿ ಜರ್ಮನಿಯಲ್ಲಿ ತೆರೆಯಿತು. ಅಮೆರಿಕದಲ್ಲಿ 1929ರಿಂದಲೂ ಇಂಗ್ಲೆಂಡಿನಲ್ಲಿ 1931ರಿಂದಲೂ ಈ ವಿದ್ಯೆ ಬೇರೂರಿತು. ನಮ್ಮಲ್ಲಿ ನಾಯಿಯನ್ನು ಪಳಗಿಸುವ ವಿದ್ಯೆ ಇಲ್ಲವೆಂದಲ್ಲ; ಕನಕಪುರದ ಹೆದ್ದಾರಿಗೆ ಸಮೀಪದ ತರಳು ಗ್ರಾಮದಲ್ಲಿಯೇ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆಯಿದೆ. ಆದರೂ ಅಂಧರ ನಾಯಿಯು ನಮ್ಮ ಬೀದಿಗಳಲ್ಲಿ ಕಾಣುವುದು ಅತಿ ವಿರಳ.

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದನ್ನು ತಿಳಿಯಲು ಕೂಟಗಲ್ಲಿನಿಂದ ರಾಮನಗರಕ್ಕೆ ಒಮ್ಮೆ ಬಂದರೆ ಸಾಕು. ಊರ ಬಾಗಿಲಲ್ಲಿ ಒಂದು ಹಿಂಡು, ಬಸ್ಸಿನ ನಿಲ್ದಾಣದಲ್ಲಿ ಇನ್ನೊಂದು, ಮಾಂಸದಂಗಡಿಯ ಮುಂದೆ ಮತ್ತೊಂದು. ಅಪರಿಚಿತ ನಾಯಿಯು ತಮ್ಮ ಎಲ್ಲೆಯನ್ನು ಹೊಕ್ಕರೆ ಇವು ಮುತ್ತುವುದು ಸ್ವಭಾವ. ಪಳಗಿದ ನಾಯಿಗೆ ಕಲಿಸಿರುವುದೋ ತಾಳ್ಮೆಯನ್ನು. ಅದರ ಕೊರಳ ಪಟ್ಟಿಯ ತುದಿಯಲ್ಲಿರುವಾತನಿಗೆ ಆಪತ್ತು ಯಾವ ದಿಕ್ಕಿನಿಂದ ಬರುತ್ತಿದೆಯೆಂಬುದೇ ಕಾಣದು. ಗಾಯವು ಮಾಯಬಹುದು, ಆದರೆ ಒಮ್ಮೆ ಬೆದರಿದ ನಾಯಿಯು ಅನೇಕ ವೇಳೆ ಮತ್ತೆ ಕೆಲಸಕ್ಕೆ ಬಾರದು. ಎರಡು ವರ್ಷದಷ್ಟು ಶ್ರಮವು ಕ್ಷಣದಲ್ಲಿ ಮಣ್ಣುಪಾಲಾಗಿ, ಅದರ ಒಡೆಯನು ಪುನಃ ಮನೆಯ ಮೂಲೆಯನ್ನು ಸೇರುವನು. ಆದುದರಿಂದ ಇದನ್ನು ಬರಿಯ ನಾಯಿಜಗಳವೆಂದು ನಕ್ಕುಬಿಡುವುದು ಸಲ್ಲದು. ಕಚ್ಚಿದ್ದು ಮನುಷ್ಯನ ಸ್ವಾತಂತ್ರ್ಯವನ್ನು.

ಕಾಯಿದೆಯು ಏನೆನ್ನುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು, ತನ್ನ ಪ್ರಾಣಿಯನ್ನು ಅಂಕೆಯಲ್ಲಿಡದವನಿಗೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಆದರೆ ಮನುಷ್ಯನ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯದ ಸಂಭವವಿದ್ದರೆ ಮಾತ್ರ. 325ನೆಯ ಕಲಮು ಪ್ರಾಣಿಯನ್ನು ಕೊಂದವನಿಗೂ ಅಂಗಹೀನ ಮಾಡಿದವನಿಗೂ ಐದು ವರ್ಷದವರೆಗೆ ಸಜೆಯನ್ನು ಹೇಳುತ್ತದೆ. ಅಲ್ಲಿ ಉದ್ದೇಶ ಅಥವಾ ಅರಿವು ರುಜುವಾತಾಗಬೇಕು. ನಾಯಿಯನ್ನು ಬೀದಿಗೆ ಬಿಟ್ಟು ಜಗಲಿಯಲ್ಲಿ ತಾಂಬೂಲ ಮೆಲ್ಲುವ ಅಲಕ್ಷ್ಯಗಾರನು ಈ ಎರಡು ಕಲಮುಗಳ ನಡುವಣ ಸಂದಿಯಲ್ಲಿ ನುಸುಳಿಕೊಳ್ಳುತ್ತಾನೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿಯೂ ಇಂತಹ ನಾಯಿಗೆ ಪ್ರತ್ಯೇಕ ರಕ್ಷಣೆಯಿಲ್ಲ.

ಇಂಗ್ಲೆಂಡಿನಲ್ಲಿ 1991ರ ಅಪಾಯಕಾರಿ ನಾಯಿಗಳ ಕಾಯಿದೆಯನ್ನು 2014ರಲ್ಲಿ ತಿದ್ದಿ, ತನ್ನ ನಾಯಿಯು ಸಹಾಯಕ ನಾಯಿಯನ್ನು ಗಾಯಗೊಳಿಸಿದರೆ ಒಡೆಯನಿಗೆ ಮೂರು ವರ್ಷದವರೆಗೆ ಸಜೆಯಾಗಬಹುದೆಂದು ವಿಧಿಸಿದರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ತಪ್ಪಿತಸ್ಥನಾದ ಒಡೆಯನು ಚಿಕಿತ್ಸೆಯ ವೆಚ್ಚವನ್ನೂ, ಹೊಸ ನಾಯಿ ಬೇಕಾದರೆ ಅದರ ಬೆಲೆಯನ್ನೂ ತೆರಬೇಕು.

ಅಲ್ಲಿಯ ಕಾಯಿದೆಯು ಇಲ್ಲಿ ಅರ್ಧದಷ್ಟು ಮಾತ್ರ ಸಾಕಾದೀತು. ಏಕೆಂದರೆ ನಮ್ಮ ಬೀದಿನಾಯಿಗೆ ಒಡೆಯನಿಲ್ಲ. ಹಾಗೆಂದು ಅವನ್ನು ಕೊಲ್ಲಬೇಕೆಂಬುದು ನಮ್ಮ ವಾದವಲ್ಲ. ಧರ್ಮರಾಯನು ನಾಯಿಯನ್ನು ತೊರೆದು ಸ್ವರ್ಗಕ್ಕೆ ಬರಲೊಲ್ಲೆನೆಂದ ಕಥೆಯನ್ನು ಕೇಳಿ ಬೆಳೆದವರು ನಾವು. ಸಂತಾನಹರಣ ಚಿಕಿತ್ಸೆಯನ್ನೂ ಹುಚ್ಚಿನ ಲಸಿಕೆಯನ್ನೂ 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಹೊಣೆಗೆ ಬಿಟ್ಟಿವೆ. ಆಸ್ಪತ್ರೆ, ಶಾಲೆ, ಬಸ್ಸು ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಗಳಲ್ಲಿರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆಜ್ಞಾಪಿಸಿತು. ಅಂಧರು ಹೆಚ್ಚಾಗಿ ಹೋಗಬೇಕಾದ ಸ್ಥಳಗಳೂ ಇವೇ ಅಲ್ಲವೆ?

ಆದುದರಿಂದ ನಮ್ಮ ವಿಜ್ಞಾಪನೆಯು ಇಷ್ಟು: ಸಾಕಿದ ನಾಯಿಯ ಅಲಕ್ಷ್ಯಕ್ಕೆ ಒಡೆಯನು ದಂಡವನ್ನೂ ನಷ್ಟವನ್ನೂ ತೆರುವಂತೆ ಶಾಸನಸಭೆಯು ಒಂದು ಕಲಮನ್ನು ಸೇರಿಸಲಿ; ಬೀದಿನಾಯಿಯ ವಿಷಯದಲ್ಲಿ ನಗರಸಭೆಯೂ ಪಂಚಾಯಿತಿಯೂ ಹೊಣೆ ಹೊರಲಿ. ಇಲ್ಲಿ ಅಂಧರ ನಾಯಿಗಳೇ ಇಲ್ಲವಲ್ಲಾ, ಕಾಯಿದೆ ಯಾರಿಗೆಂದು ಅಧಿಕಾರಿಗಳು ಕೇಳಬಹುದು. ಸೇತುವೆಯಿಲ್ಲದ ಹೊಳೆಯನ್ನು ಯಾರೂ ದಾಟುತ್ತಿಲ್ಲವೆಂದು ಸೇತುವೆಯೇ ಬೇಡವೆನ್ನುವುದು ನ್ಯಾಯವೆ? ಬೀದಿಯು ನಿರ್ಭಯವಾದರೆ ನಾಯಿಯೂ ಬಂದೀತು, ಅದರ ಹಿಂದೆ ಮನೆಯ ಮೂಲೆಯಲ್ಲಿ ಕುಳಿತಿರುವ ಮನುಷ್ಯನೂ ಹೊರಗೆ ಬಂದಾನು.