ಫರೋಹನ ಹೃದಯ, ರಾಯಚೂರಿನ ನೀರು

ವಿಮೋಚನಕಾಂಡದ ಹತ್ತು ಬಾಧೆಗಳಲ್ಲಿ ಮೊದಲನೆಯದು ನೀರಿನದು. ನೈಲ್ ನದಿ ರಕ್ತವಾಯಿತು. ಐಗುಪ್ತದ ಜನ ಕುಡಿಯುವ ನೀರಿಗಾಗಿ ದಂಡೆಯನ್ನು ಅಗೆದರು. ಫರೋಹನು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಅರಮನೆಗೆ ಹೊರಟುಹೋದನು. ಗುಲಾಮರ ಗೋಳಿಗೆ ಕಿವುಡಾದ ಅರಸನ ಹಟಕ್ಕೆ ಸಾಮಾನ್ಯರೂ ನೊಂದರು.

ದೇವದುರ್ಗದ ಅಂಚಿಗೆ ಕೃಷ್ಣೆ, ಮಾನ್ವಿಯ ಅಂಚಿಗೆ ತುಂಗಭದ್ರೆ ಹರಿಯುವ ರಾಯಚೂರು ಸೀಮೆಗೆ ಈ ಕಥೆ ದೂರದ್ದಲ್ಲ. 2009ರಲ್ಲಿ ಎರಡೂ ನದಿಗಳು ಉಕ್ಕಿ ಹಳ್ಳಿಗಳನ್ನು ನುಂಗಿದವು. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು, ಕೆಲವರು ಸತ್ತರು.

ಇಂಥ ಸಾವನ್ನು ಸತ್ತವರ ಪಾಪದ ಫಲವೆನ್ನುವವರುಂಟು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪವೆಂದು ಕೇಳಿದಾಗ ಯೇಸು ಆ ಎಣಿಕೆಯನ್ನೇ ತಳ್ಳಿಹಾಕಿದನು. ಬಾಧೆಗಳು ಇಂದಿನ ಕ್ರೈಸ್ತನಿಗೆ ಕಲಿಸುವುದು ಇಷ್ಟು: ನೆರೆಯವರ ಕೊಡದ ನೀರು ಕೆಟ್ಟಾಗ ಅರಮನೆಗೆ ಹಿಂತಿರುಗದೆ ಅವರೊಡನೆ ನಿಲ್ಲಬೇಕು.