ಹಳೇ ರಿಂಗ್ ಎಸೀಬ್ಯಾಡ್ರಿ

ಬೇಸಿಗೆ ಉಳುಮೆ ಶುರುವಾಯಿತೆಂದರೆ ಔರಾದ್ ತಾಲ್ಲೂಕಿನ ಎಕಂಬಾ ಕಡೆಯ ಎರೆಹೊಲಗಳಲ್ಲಿ ಪಲ್ಟಿ ನೇಗಿಲಿಗೆ ಬಿಡುವಿಲ್ಲ. ಅದನ್ನು ಮಗುಚುವ ಜಾಕಿನಿಂದ ಎಣ್ಣೆ ಜಿನುಗಿತೋ, ಸಿಗುವ ಸಲಹೆ ಒಂದೇ: “ರಿಂಗ್ ಹೋಗ್ಯಾದ, ಬದಲಿ ಮಾಡ್ರಿ.” ಹೊಸ ರಬ್ಬರ್ ರಿಂಗ್ (ಓ-ರಿಂಗ್) ಕೂರುತ್ತದೆ. ಎಂಟು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಎಣ್ಣೆ. ರಿಂಗ್ ಕೆಟ್ಟಿದ್ದು ನಿಜ, ಕೆಡಿಸಿದ್ದು ಬೇರೆ.

ಯಾವುದು ಕೆಡಿಸಿತು ಎಂಬುದು ಕಸಕ್ಕೆ ಎಸೆದ ಹಳೇ ರಿಂಗಿನ ಮೈಮೇಲೆ ಬರೆದಿರುತ್ತದೆ. ದುಂಡಗಿದ್ದದ್ದು ಚಪ್ಪಟೆಯಾಗಿ ಗಡುಸಾಗಿದ್ದರೆ ಕಾವಿಗೆ ಬೆಂದಿದೆ. ಸಾಮಾನ್ಯ ನೈಟ್ರೈಲ್ ರಬ್ಬರ್ ತಾಳುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ. ಒಂದೇ ಮಗ್ಗುಲು ಇಲಿ ಕಡಿದಂತಿದ್ದರೆ ರಬ್ಬರ್ ಒತ್ತಡಕ್ಕೆ ಸಂದಿಯೊಳಗೆ ನುಗ್ಗಿ ಹರಿದಿದೆ. ಅಲ್ಲಿ ಸವೆದ ಭಾಗ ಬದಲಿಸಬೇಕು, ಇಲ್ಲವೇ ರಿಂಗಿನ ಬೆನ್ನಿಗೆ ಟೆಫ್ಲಾನ್ ಬ್ಯಾಕಪ್ ರಿಂಗ್ ಕೊಡಬೇಕು. ಸುರುಳಿ ಗೆರೆ ಬಿದ್ದಿದ್ದರೆ ಜಾರಬೇಕಾದದ್ದು ಹೊರಳಿದೆ. ಬ್ಲೇಡಿನಿಂದ ಕೊಯ್ದಂತಿದ್ದರೆ ಕೂರಿಸುವಾಗಲೇ ಥ್ರೆಡ್ಡಿನ ಅಂಚು ತಾಗಿರಬಹುದು. ಇದನ್ನು ಯಾವ ಮಿಸ್ತ್ರಿಯೂ ಒಪ್ಪುವುದಿಲ್ಲ, ಬಿಡಿ. ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆಗೂ ರಬ್ಬರಿಗೂ ಕೂಡಿಬಂದಿಲ್ಲ. ಕಪ್ಪಗಿದ್ದದ್ದೆಲ್ಲ ನೈಟ್ರೈಲ್ ಅಲ್ಲ. ಬ್ರೇಕ್ ಆಯಿಲಿಗೆ ಒಗ್ಗುವ ಇಪಿಡಿಎಂ ರಿಂಗ್ ನೋಡಲು ಹಾಗೇ ಇರುತ್ತದೆ, ಹೈಡ್ರಾಲಿಕ್ ಆಯಿಲಿನಲ್ಲಿ ಊದಿಕೊಳ್ಳುತ್ತದೆ.

ಜಾಕಿನ ರಾಡಿನ ಮೇಲೂ ಉಗುರು ಎಳೆದು ನೋಡಿ. ಒಣಗಿ ಅಂಟಿದ ಎರೆಮಣ್ಣನ್ನು ಹರಿದ ವೈಪರ್ ಸೀಲ್ ಒಳಗೆ ಬಿಟ್ಟಿದ್ದರೆ ಗೀರು ಸಿಗುತ್ತದೆ. ಆ ಗೀರು ಹೋಗುವ ತನಕ ಎಷ್ಟು ಸೀಲ್ ಕಿಟ್ ತಂದರೂ ಅಷ್ಟೇ. ಆದರೆ ರಾಡಿನ ಮೇಲೆ ತೆಳುವಾಗಿ ಎಣ್ಣೆ ಮಿರುಗುವುದು ಲೀಕ್ ಅಲ್ಲ, ಸೀಲ್ ಸವೆಯದಿರಲು ಅಷ್ಟು ಜಿಡ್ಡು ಬೇಕು.

“ಒಂಚೂರು ದಪ್ಪಂದು ಹಾಕಿದ್ರ ಗಟ್ಟಿ ನಿಲ್ತದ” ಎಂಬುದು ಇನ್ನೊಂದು ನಂಬಿಕೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ನೀಲ್ಸ್ ಕ್ರಿಸ್ಟೆನ್ಸನ್ 1939ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಓ-ರಿಂಗಿನ ಜಾಣ್ಮೆ ಇರುವುದೇ ಅದು ಕೂರುವ ಗಾಡಿಯಲ್ಲಿ, ಅಂದರೆ ತೋಡಿನಲ್ಲಿ: ರಿಂಗಿಗಿಂತ ಗಾಡಿ ಅಗಲ. ರಿಂಗ್ ಮೊದಲೇ ತುಸು ಅದುಮಿಕೊಂಡಿರುತ್ತದೆ, ಉಳಿದ ಬಿಗಿಯನ್ನು ಎಣ್ಣೆಯ ಒತ್ತಡವೇ ಅದನ್ನು ಒಂದು ಗೋಡೆಗೆ ದೂಡಿ ಕೊಡುತ್ತದೆ. ದಪ್ಪನೆಯದು ಗಾಡಿ ತುಂಬಿದರೆ ಸರಿಯಲು ಜಾಗವಿಲ್ಲ, ತಿಕ್ಕಾಟಕ್ಕೆ ಬೇಗ ಸಾಯುತ್ತದೆ.

ಎತ್ತಿದ ಭಾರ ತಾನಾಗಿ ಇಳಿದರೆ ಪಿಸ್ಟನ್ ಸೀಲನ್ನೇ ದೂರುತ್ತಾರೆ. ಟ್ರ್ಯಾಕ್ಟರಿನ ಲಿಫ್ಟಿನಲ್ಲಿ ಅದು ಸರಿಯಿರಬಹುದು, ಅಲ್ಲಿ ಎಣ್ಣೆ ಒಂದೇ ಕಡೆ. ಲೋಡರಿನ ಬಕೆಟ್ ಎತ್ತುವ ಜಾಕಿಗೆ ಎರಡೂ ಕಡೆ ಎಣ್ಣೆ. ವಾಲ್ವ್ ಎಣ್ಣೆಯ ಎರಡೂ ದಾರಿ ಮುಚ್ಚಿದ್ದರೆ, ಸೀಲ್ ಸೋರಿದರೂ ಒಳಬರುವ ರಾಡಿಗೆ ಜಾಗ ಬಿಟ್ಟುಕೊಟ್ಟು ಎಣ್ಣೆ ಹೋಗುವುದೆಲ್ಲಿಗೆ? ಹೊರಗೆ ಹನಿಯೂ ಬೀಳದೆ ಬಕೆಟ್ ಇಳಿಯುತ್ತಿದ್ದರೆ ಮೊದಲು ವಾಲ್ವ್ ನೋಡಬೇಕು.

ಲೀಕ್ ಹುಡುಕಲು ಬೆರಳಾಡಿಸುವ ಚಾಳಿಯೊಂದಿದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗಾಯ, ಒಳಗೆ ಬೆರಳೇ ಕೊಳೆಯಬಹುದು. ದೂರದಿಂದ ರಟ್ಟಿನ ತುಂಡು ಹಿಡಿದು ಹುಡುಕಿ. ಚುಚ್ಚಿದ್ದೇ ಆದರೆ, ನೋವಿಲ್ಲದಿದ್ದರೂ, ತಡಮಾಡದೆ ಕೂಡಲೇ ಆಪರೇಷನ್ ಸೌಕರ್ಯವಿರುವ ಆಸ್ಪತ್ರೆಗೆ ಹೋಗಿ ಒಳಗೆ ಹೊಕ್ಕಿರುವುದು ಎಣ್ಣೆ ಎಂದೇ ಹೇಳಿ.