ವರದಕ್ಷಿಣೆಯಿಲ್ಲದವಳು ಮತ್ತು ಕನ್ಯಾವಿಕ್ರಯ

ಎಲ್ದಾರ್ ರಿಯಾಜಾನೊವ್ 1984ರಲ್ಲಿ ನಿರ್ದೇಶಿಸಿದ ‘ಕ್ರೂರ ಪ್ರೇಮಗೀತೆ’ ಎಂಬ ರಷ್ಯನ್ ಚಿತ್ರದ ಮೂಲವು ಅಲೆಕ್ಸಾಂಡರ್ ಒಸ್ತ್ರೋವ್ಸ್ಕಿಯ 1878ರ ನಾಟಕ. ಅದರ ಹೆಸರಿಗೆ ವರದಕ್ಷಿಣೆಯಿಲ್ಲದವಳು ಎಂದರ್ಥ. ವೋಲ್ಗಾ ತೀರದ ಲರಿಸಾ ರೂಪವತಿ, ಗಾನಕುಶಲೆ, ಆದರೆ ಬಡವಿ. ಅವಳು ಒಲಿದ ಪರಾತೊವ್ ದಿವಾಳಿಯೆದ್ದ ಹಡಗಿನೊಡೆಯನು. ಚಿನ್ನದ ಗಣಿಗಳನ್ನು ತರುವ ಬೇರೊಬ್ಬ ವಧುವಿಗೆ ಮಾತು ಕೊಟ್ಟಿದ್ದಾನೆ. ಅವಳು ಯಾರ ಪಾಲಾಗಬೇಕೆಂದು ಇಬ್ಬರು ವರ್ತಕರು ನಾಣ್ಯ ಚಿಮ್ಮಿ ನಿರ್ಣಯಿಸುತ್ತಾರೆ. ಇಡೀ ಕೃತಿಯ ತಿರುಳು ಈ ನಾಣ್ಯದಲ್ಲಿದೆಯೆಂದು ನನ್ನ ಅಭಿಪ್ರಾಯ. ಕೊನೆಯಲ್ಲಿ ನಿಶ್ಚಿತ ವರನಾದ ಕರಂದಿಶೆವ್ ಹಾರಿಸುವ ಗುಂಡು ಅದರ ಪರಿಣಾಮ ಮಾತ್ರ. ತಾನೊಂದು ವಸ್ತುವೆಂದು ಅವನಿಂದಲೇ ಕೇಳಿ ಒಪ್ಪಿಕೊಂಡಿದ್ದ ಲರಿಸಾ, ಗುಂಡಿಗಾಗಿ ಅವನಿಗೆ ಕೃತಜ್ಞತೆ ಹೇಳುತ್ತಾಳೆ.

ಕನ್ನಡಕ್ಕೆ ಈ ವಸ್ತು ಅಪರಿಚಿತವಲ್ಲ. ಒಸ್ತ್ರೋವ್ಸ್ಕಿಯ ನಾಟಕವಾದ ಒಂಬತ್ತು ವರ್ಷಗಳಿಗೆ, 1887ರಲ್ಲಿ, ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿದರು. ಹವ್ಯಕರಲ್ಲಿ ಅಂದು ರೂಢಿಯಲ್ಲಿದ್ದ ಕನ್ಯಾವಿಕ್ರಯವೇ ಅದರ ಗುರಿ. ಹಣದ ದಿಕ್ಕು ಮಾತ್ರ ತಿರುಗುಮುರುಗು: ರಷ್ಯದಲ್ಲಿ ಹಣವಿಲ್ಲದ ಕನ್ಯೆಗೆ ವರನಿಲ್ಲ, ಇಲ್ಲಿ ಹಣವುಳ್ಳವನು ಮುದುಕನಾದರೂ ಕನ್ಯೆ ಸಿಗುತ್ತಾಳೆ, ಹಣ ತಂದೆಯ ಕೈಸೇರುತ್ತದೆ. ಕನ್ಯೆಯ ಮನಸ್ಸನ್ನು ಎರಡು ಕಡೆಯಲ್ಲಿಯೂ ಕೇಳುವವರಿಲ್ಲ. ಶಾಸ್ತ್ರಿಗಳು ಹವ್ಯಕರ ಮನೆಮಾತನ್ನೇ ರಂಗಕ್ಕೆ ತಂದು ನಗಿಸಿದರು. ತನ್ನವರ ನಡುವೆ ನಿಂತು ತನ್ನವರನ್ನೇ ಹೀಗೆ ನಗೆಗೀಡುಮಾಡಲು ಧೈರ್ಯ ಬೇಕು. ದೂರದ ವ್ಯಾಪಾರಿಗಳನ್ನು ಚಿತ್ರಿಸುವುದು ಅದಕ್ಕಿಂತ ಸುಲಭ.

1961ರ ವರದಕ್ಷಿಣೆ ನಿಷೇಧ ಕಾಯಿದೆಯು ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದು ಸಾರಿತು. ಅದರ ವ್ಯಾಖ್ಯೆ ವಧುವಿನ ಕಡೆಯ ಕೊಡುಗೆಗಷ್ಟೇ ಸೀಮಿತವಾಗಿಲ್ಲವೆಂಬುದನ್ನು ಈ ಎರಡು ನಾಟಕಗಳನ್ನು ಜೊತೆಗಿಟ್ಟು ಓದುವ ವಿದ್ಯಾರ್ಥಿಗಳು ಗಮನಿಸಬೇಕು.